ಒರೆಸಿಟ್ಟ ಎಂಜಿನ್ನಿನ ಟ್ರಬಲ್ ಶೂಟಿಂಗ್

1979ನೇ ಇಸವಿ. ನಾನು ಆಗ ಹರಪನಹಳ್ಳಿಯಲ್ಲಿ ಮೆಕ್ಯಾನಿಕಲ್ ವಿಭಾಗದ ಜೂನಿಯರ್ ಎಂಜಿನಿಯರ್. ವಯಸ್ಸು ಇಪ್ಪತ್ತೇಳು, ಡಿಪ್ಲೊಮಾ ಮುಗಿಸಿ ಆರು ವರ್ಷ, ಈ ಸರ್ಕಾರಿ ಕೆಲಸಕ್ಕೆ ಸೇರಿ ಒಂದು ವರ್ಷ. ಹಳ್ಳಿಗಳ ಕುಡಿಯುವ ನೀರಿನ ಪಂಪ್ ಹೌಸುಗಳಲ್ಲಿದ್ದ ಡೀಸೆಲ್ ಎಂಜಿನ್ನುಗಳನ್ನು ಸುಸ್ಥಿತಿಯಲ್ಲಿ ಇಡುವುದು ನನ್ನ ಕೆಲಸ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ಕಡೆಯ ಎಂಜಿನ್ನುಗಳಿಗೆ ನಾನೊಬ್ಬ, ನನ್ನ ಜೊತೆಗೆ ಫಿಟ್ಟರ್ ಖಾಜಾಸಾಬ್ ಒಬ್ಬರು. ಇಬ್ಬರ ನಡುವೆ ಒಂದು ಹತ್ಯಾರದ ಪೆಟ್ಟಿಗೆ. ಜೀಪು ಇದ್ದದ್ದು ಮೇಲಿನವರಿಗೆ. ನಾವು ಬಸ್ಸಿನಲ್ಲಿ ಹೋಗಿ, ಬಸ್ಸು ನಿಲ್ಲುವ ಕಡೆಯಿಂದ ಬಾಡಿಗೆ ಸೈಕಲ್ಲಿನಲ್ಲಿ ಪೆಟ್ಟಿಗೆ ಕಟ್ಟಿಕೊಂಡು ಹೋಗುತ್ತಿದ್ದೆವು.

ನಮ್ಮ ಪ್ರವಾಸದ ಡೈರಿಯಲ್ಲಿ 'ಹೋದ ಉದ್ದೇಶ' ಎಂಬ ಕಾಲಮ್ಮಿನಲ್ಲಿ ಎಲ್ಲರೂ ಒಂದೇ ಮಾತು ಬರೆಯುತ್ತಿದ್ದರು: ಟ್ರಬಲ್ ಶೂಟಿಂಗ್. ನಟ್ಟು ಬಿಗಿ ಮಾಡಿ ಬಂದರೂ ಟ್ರಬಲ್ ಶೂಟಿಂಗ್, ಬೆಲ್ಟ್ ಬದಲಿಸಿ ಬಂದರೂ ಅದೇ. ಕೇಳುವುದಕ್ಕೆ ಗತ್ತು ಇದ್ದ ಮಾತು, ಹಾಗಾಗಿ ಚೆನ್ನಾಗಿ ಚಲಾವಣೆಯಾಯಿತು. ಅದರ ನಿಜವಾದ ಅರ್ಥ ನನಗೆ ಗೊತ್ತಿತ್ತು. ತರಬೇತಿಯಲ್ಲಿ ನಮಗೆ ಪಾಠ ಮಾಡಿದ ಹಿರಿಯ ಇನ್‌ಸ್ಟ್ರಕ್ಟರ್ ಒಬ್ಬರು ಮೊದಲ ದಿನವೇ ಹೇಳಿದ್ದರು: ಕೆಟ್ಟುಹೋದ ಭಾಗ ತೆಗೆದು ಬೇರೆ ಹಾಕಿದರೆ ಅದು ರಿಪೇರಿ. ಆ ಭಾಗ ಯಾಕೆ ಕೆಟ್ಟಿತು ಎಂದು ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ಹುಡುಕಿಕೊಂಡು ಹೋಗಿ, ಮೂಲ ಸಿಕ್ಕ ಮೇಲೆ ಅದನ್ನು ಸರಿಪಡಿಸಿ, ಮತ್ತೆ ಕೆಡುವುದಿಲ್ಲ ಎಂದು ಓಡಿಸಿ ನೋಡಿ ಬಂದರೆ ಅದು ಟ್ರಬಲ್ ಶೂಟಿಂಗ್. ಎಂಜಿನ್ನಿನ ಜೊತೆ ಬರುವ ಪುಸ್ತಕದ ಕೊನೆಯ ಪುಟಗಳಲ್ಲಿ ಅದಕ್ಕೆಂದೇ ಒಂದು ಪಟ್ಟಿ ಇರುತ್ತದೆ. ಎಡಗಡೆ ಲಕ್ಷಣ, ನಡುವೆ ಕಾರಣ, ಬಲಗಡೆ ಪರಿಹಾರ. ವೈದ್ಯರು ನಾಡಿ ಹಿಡಿಯುವ ಹಾಗೆಯೇ, ಮೊದಲು ಲಕ್ಷಣವನ್ನು ಪೂರ್ತಿ ಕೇಳಬೇಕು, ದಿನಾ ಯಂತ್ರದ ಜೊತೆ ಇರುವವನನ್ನು ಕೇಳಬೇಕು, ಆಮೇಲೆ ಸ್ಪ್ಯಾನರ್ ಮುಟ್ಟಬೇಕು.

ಈ ವಿದ್ಯೆಯಲ್ಲಿ ನನಗೆ ಬೇಗ ಹೆಸರು ಬಂತು. ಕೋಗಳಿಯ ಹತ್ತಿರದ ಒಂದು ಪಂಪ್ ಹೌಸಿನಲ್ಲಿ ಎಂಜಿನ್ನು ಚಾಲೂ ಆಗಿ ಕಾಲು ತಾಸಿಗೆ ತಾನಾಗಿ ನಿಂತುಬಿಡುತ್ತಿತ್ತು. ನನಗಿಂತ ಮುಂಚೆ ಹೋದವರು ಫ್ಯೂಯೆಲ್ ಪಂಪ್ ಬದಲಿಸಿದ್ದರು, ನಾಜಲ್ ಬದಲಿಸಿದ್ದರು, ಏನೂ ಆಗಿರಲಿಲ್ಲ. ಡೀಸೆಲ್ ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಒಳಗೆ ಹೋಗಲು ಸೂಜಿ ಮೊನೆಯಷ್ಟು ತೂತು ಇರುತ್ತದೆ. ಅಮಾವಾಸ್ಯೆಗೆ ಎಂಜಿನ್ ತೊಳೆದು ಪೂಜೆ ಮಾಡುವಾಗ ಆಪರೇಟರ್ ಸರಿಯಾಗಿ ಅದರ ಮೇಲೆಯೇ ಕುಂಕುಮ ಕಲಸಿ ಬೊಟ್ಟು ಇಟ್ಟಿದ್ದ. ಕುಂಕುಮ ಒಣಗಿ ತೂತು ಮುಚ್ಚಿ, ಗಾಳಿ ಹೋಗದೆ ಡೀಸೆಲ್ ಇಳಿಯುವುದು ನಿಲ್ಲುತ್ತಿತ್ತು. ನಾನು ಅವನ ಅಂಗಿಯದೇ ಗುಂಡುಪಿನ್ ಇಸಿದುಕೊಂಡು ತೂತು ಬಿಡಿಸಿದೆ. ಎಂಜಿನ್ನು ಸಂಜೆತನಕ ಓಡಿತು. ಆ ಕಥೆ ಐದೂ ಊರಿನ ಆಫೀಸುಗಳಲ್ಲಿ ಸುತ್ತಾಡಿತು, ನಾನೂ ಸುತ್ತಾಡಿಸಿದೆ. ಅಲ್ಲಿಂದ ನನಗೊಂದು ಕೆಟ್ಟ ಅಭ್ಯಾಸ ಅಂಟಿತು. ಎಂಜಿನ್ ನೋಡುವ ಮೊದಲು ಆಪರೇಟರನ ಮುಖ ನೋಡಿ, ಇವನು ಏನು ಮಾಡಿರಬಹುದು ಎಂದು ಯೋಚಿಸುವ ಅಭ್ಯಾಸ.

ಆ ವರ್ಷದ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ, ಹಲವಾಗಲು ಕಡೆಯ ಒಂದು ಹಳ್ಳಿಯಿಂದ ಸುದ್ದಿ ಬಂತು. ಊರಿನ ಹೆಸರು ಬರೆಯುವುದಿಲ್ಲ. ತುಂಗಭದ್ರೆಯ ದಂಡೆಯಲ್ಲಿ ಬಾವಿ, ಬಾವಿಯ ಮಗ್ಗುಲಲ್ಲಿ ಒಂದು ಕೋಣೆಯ ಪಂಪ್ ಹೌಸು, ಅದರಲ್ಲಿ ಹತ್ತು ಹಾರ್ಸ್ ಪವರಿನ ಒಂದೇ ಸಿಲಿಂಡರಿನ ಎಂಜಿನ್ನು. ಅಲ್ಲಿಂದ ನೀರು ಊರೊಳಗಿನ ಟ್ಯಾಂಕಿಗೆ ಏರಬೇಕು. ಎಂಜಿನ್ನು ಹಿಂದಿನ ದಿನ ಮಧ್ಯಾಹ್ನ ಸೀಜ್ ಆಗಿತ್ತು. ಎಣ್ಣೆ ಇಲ್ಲದೆ ಒಳಗಿನ ಬೇರಿಂಗು ಕಾದು ಕರಗಿ, ತಿರುಗುವ ಭಾಗ ಹಿಡಿದುಕೊಂಡು ನಿಂತುಬಿಡುವುದಕ್ಕೆ ಸೀಜ್ ಎನ್ನುತ್ತಾರೆ. ಊರಿನ ನಳಗಳೆಲ್ಲ ಒಣಗಿದ್ದವು. ಹೆಂಗಸರು ಬಿಸಿಲಲ್ಲಿ ಕೊಡ ಹೊತ್ತು ಹೊಳೆಗೆ ನಡೆಯುತ್ತಿದ್ದರು.

ನಾವು ಹೋದಾಗ ಆಪರೇಟರ್ ದುರುಗಪ್ಪ ಬಾಗಿಲಲ್ಲಿ ನಿಂತಿದ್ದ. ಮೂವತ್ತೈದು ದಾಟಿದವನು, ನನಗಿಂತ ಹಿರಿಯ. ಆದರೂ ನಾನು ಏಕವಚನದಲ್ಲಿಯೇ ಮಾತಾಡಿಸುತ್ತಿದ್ದೆ. ಬರೆಯುವಾಗಲೂ ಈ ಕೈಗೆ ಹಾಗೆಯೇ ಬರುತ್ತಿದೆ, ನಾಚಿಕೆಯಾಗುತ್ತದೆ. ಊರ ಹೊರಗಿನ ಅವನ ಕೇರಿಯಲ್ಲಿ ಸಂಬಳದ ಕೆಲಸ ಹಿಡಿದ ಮೊದಲನೆಯವನು ಅವನು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ, ಆದರೂ ಖಾಕಿ ಅಂಗಿ ಹೊಲಿಸಿಕೊಂಡಿದ್ದ. ನಮ್ಮ ಕಡೆ ಒಂದು ಪದ್ಧತಿ ಇದೆ. ಸಾಹೇಬರು ಬರುತ್ತಾರೆ ಎಂದರೆ ಸಾಕು, ಕಸ ಹೊಡೆದು, ನೀರು ಹಾಕಿ, ಯಂತ್ರವನ್ನು ಸೀಮೆಎಣ್ಣೆಯಲ್ಲಿ ಒರೆಸಿ ಮದುಮಗನ ಹಾಗೆ ನಿಲ್ಲಿಸುತ್ತಾರೆ. ದುರುಗಪ್ಪನಂತೂ ಸಾಹೇಬರು ಬರಲಿ ಬಿಡಲಿ, ದಿನಾ ಸಂಜೆ ಹಾಗೆ ಒರೆಸುವವನು. ಅಂದು ಕೆಟ್ಟು ನಿಂತ ಎಂಜಿನ್ನಿಗೂ ಅವನು ಮೈ ಒರೆಸಿ ವಿಭೂತಿಯ ಮೂರು ಪಟ್ಟೆ ಎಳೆದಿದ್ದ. ನೆಲದ ಮೇಲೆ ಊಟ ಬಡಿಸಬಹುದಿತ್ತು.

ನಾನು ಎಣ್ಣೆ ಅಳೆಯುವ ಕಡ್ಡಿ ಎತ್ತಿ ನೋಡಿದೆ. ತುದಿಯೂ ತೋಯ್ದಿರಲಿಲ್ಲ. ಗೋಡೆಗೆ ನೇತುಹಾಕಿದ ಲಾಗ್ ಬುಕ್ ತೆಗೆದೆ. ಎಷ್ಟು ತಾಸು ಓಡಿತು, ಎಷ್ಟು ಎಣ್ಣೆ ಹಾಕಿದೆ ಎಂದು ಆಪರೇಟರ್ ದಿನಾ ಬರೆಯುವ ಪುಸ್ತಕ ಅದು. ದುರುಗಪ್ಪನ ದುಂಡು ಅಕ್ಷರದಲ್ಲಿ, ಎರಡು ತಿಂಗಳಿಂದ, ದಿನಕ್ಕೆ ಅರ್ಧ ಲೀಟರ್ ಎಂದು ಬರೆದಿತ್ತು. ಆ ಎಂಜಿನ್ನಿಗೆ ಅರ್ಧ ಲೀಟರ್ ಎಂದರೆ ಒಂದು ವಾರಕ್ಕೆ ಸಾಕು.

"ಅರ್ಧ ಲೀಟರ್ ದಿನಾ ಹಾಕಿದ್ದು ಎಲ್ಲಿ ಹೋತು?" ಎಂದೆ.

"ದಿನಾ ಮುಂಜಾನಿ ಕಡ್ಡಿ ಎತ್ತಿ ನೋಡೇ ಹಾಕ್ತೀನ್ರಿ ಸಾಹೇಬ್ರ. ಕಾದ ಮ್ಯಾಲ ಅದು ಹಿಂದ ಗ್ವಾಡಿ ಕಡೆ ಬೆವರ್ತೈತ್ರಿ. ನಾ ಸಂಜಿಕ ಒರಸ್ತೀನಿ. ಈಗ ಬ್ಯಾಸಿಗಿ ಅಂತ ಮುಂಜಾನಿಂದ ಸಂಜಿತನ ನಿಲ್ಲಸಬ್ಯಾಡ ಅಂದಾರ. ನಿಲ್ಲಸದ ಕಡ್ಡಿ ಹ್ಯಾಂಗ್ ನೋಡ್ಲಿ?"

ನಾನು ಎಂಜಿನ್ನಿನ ಹಿಂದೆ, ಗೋಡೆಯ ಸಂದಿಯಲ್ಲಿ ಕೈ ಹಾಕಿ ಸವರಿದೆ. ಒಣಗಿತ್ತು. ಬೆರಳಿಗೆ ಮಸಿಯೂ ಹತ್ತಲಿಲ್ಲ. ಎಣ್ಣೆ ಸೋರುವ ಎಂಜಿನ್ನು ಯಾವುದೇ ಇರಲಿ, ಕೆಳಗೆ ಕಪ್ಪು ಕಲೆ, ಮೈಮೇಲೆ ಎಣ್ಣೆಗೆ ಕೂತ ಧೂಳಿನ ಪದರ ಇದ್ದೇ ಇರುತ್ತದೆ. ಇಲ್ಲಿ ಅಂಥದ್ದು ಏನೂ ಇರಲಿಲ್ಲ. ಹಿಂದೆ ನಿಂತಿದ್ದ ಪಂಚಾಯಿತಿ ಚೇರ್ಮನ್ನರು ನಕ್ಕರು.

"ಎಂಜಿನ್ ಎಲ್ಲೆರೆ ಬೆವರ್ತೈತೇನ್ರಿ? ಎಣ್ಣಿ ಯಾವ್ಯಾವ ಬಂಡಿ ಗಾಲಿಗೆ ಹೋಗೈತೋ, ಇವನ್ನ ಕೇಳ್ರಿ."

ನಾನೂ ನಕ್ಕೆ. ಆ ನಗು ನನಗೆ ಇವತ್ತಿಗೂ ನೆನಪಿದೆ. ದುರುಗಪ್ಪ ನಮ್ಮಿಬ್ಬರ ಮುಖವನ್ನೂ ನೋಡಿ, ಲಾಗ್ ಬುಕ್ಕನ್ನು ಮತ್ತೆ ಗೋಡೆಗೆ ನೇತುಹಾಕಿದ.

ಮುಂದಿನ ಒಂಬತ್ತು ದಿನ ಆ ಊರಿಗೆ ನಳದ ನೀರಿರಲಿಲ್ಲ. ಒಳಗೆ ತಿರುಗುವ ದಂಡವಾದ ಕ್ರ್ಯಾಂಕ್ ಶಾಫ್ಟನ್ನು ಬಿಚ್ಚಿ ಹೊರಗೆ ತೆಗೆದು, ಹೊಸಪೇಟೆಗೆ ಒಯ್ದು ಗ್ರೈಂಡ್ ಮಾಡಿಸಿ, ಹೊಸ ಬೇರಿಂಗು ತಂದು ಕೂರಿಸಿದೆವು. ಎಂಜಿನ್ನಿನ ಕೆಳಗಿನ ಎರಕದ ಒಡಲು, ಅಂದರೆ ಎಣ್ಣೆ ನಿಲ್ಲುವ ಕ್ರ್ಯಾಂಕ್ ಕೇಸು, ಸಿಮೆಂಟಿನ ಕಟ್ಟೆಗೆ ಬೋಲ್ಟು ಹಾಕಿದ ಹಾಗೆಯೇ ಇತ್ತು, ಅದನ್ನು ಮುಟ್ಟಲಿಲ್ಲ. ಒಂಬತ್ತನೆಯ ದಿನ ಮಧ್ಯಾಹ್ನ ನಾಲ್ಕೂಕಾಲಿಗೆ ಎಂಜಿನ್ನು ಚಾಲೂ ಆಯಿತು. ನಳದಲ್ಲಿ ನೀರು ಬಂತೆಂದು ಊರಿನಿಂದ ಕೂಗು ಕೇಳಿಸಿತು. ಖಾಜಾಸಾಬರು ಕೈ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದರು. ಹರಪನಹಳ್ಳಿಯ ಗ್ಯಾರೇಜುಗಳಲ್ಲಿ ಬೆಳೆದ ಮನುಷ್ಯ, ಐವತ್ತರ ಮೇಲಾಗಿತ್ತು, ಮಾತು ಕಡಿಮೆ.

"ಸಾಹೇಬ್ರ, ಮೂರು ತಾಸು ಓಡ್ಲಿ. ಪೂರಾ ಬಿಸಿ ಆದಾಗ ಒಂದ್ಸಲ ಹಿಂದ ನೋಡೋಣ್ರಿ. ಅವ ಹೇಳಿದ್ದು ಖರೇ ಇದ್ದೀತು."

ಐದು ಗಂಟೆಗೆ ಹರಪನಹಳ್ಳಿಯ ಬಸ್ಸು. ಅದು ತಪ್ಪಿದರೆ ಮರುದಿನ ಬೆಳಿಗ್ಗೆಯೇ. ಒಂಬತ್ತು ದಿನದಿಂದ ಸರಿಯಾಗಿ ಊಟವಿಲ್ಲದೆ ನನಗೆ ಸಾಕುಸಾಕಾಗಿತ್ತು. ಇಪ್ಪತ್ತು ನಿಮಿಷ ಓಡಿಸಿ, ಸದ್ದು ಸರಿಯಾಗಿದೆ ಎಂದು ಪೆಟ್ಟಿಗೆ ಮುಚ್ಚಿಸಿದೆ. ಖಾಜಾಸಾಬರು ಅದನ್ನು ಸೈಕಲ್ಲಿಗೆ ಕಟ್ಟಿದರು.

ವರದಿಯಲ್ಲೂ ಮೂರು ಕಾಲಮ್ಮು. ಲಕ್ಷಣ: ಎಂಜಿನ್ ಸೀಜ್. ಪರಿಹಾರ: ಬೇರಿಂಗ್ ಬದಲಾವಣೆ. ನಡುವಿನ ಕಾರಣದ ಕಾಲಮ್ಮಿನಲ್ಲಿ ಇಂಗ್ಲಿಷಿನಲ್ಲಿ ಬರೆದೆ: ಆಪರೇಟರನ ನಿರ್ಲಕ್ಷ್ಯ, ಎಣ್ಣೆ ಕಳವಾಗಿರುವ ಸಂಭವ. ಇಡೀ ವರದಿ ಬರೆಯಲು ಹತ್ತು ನಿಮಿಷ ಹಿಡಿಯಿತು. ಒಂದು ವಾರದಲ್ಲಿ ದುರುಗಪ್ಪನನ್ನು ಕೆಲಸದಿಂದ ತೆಗೆದರು. ಖಾಯಂ ಅಲ್ಲದವನನ್ನು ತೆಗೆಯಲು ವಿಚಾರಣೆ ಬೇಕಾಗಿರಲಿಲ್ಲ, ನನ್ನ ಆ ಎರಡು ಸಾಲು ಸಾಕಾಯಿತು. ಅವನ ಜಾಗಕ್ಕೆ ಚೇರ್ಮನ್ನರ ಸಂಬಂಧಿ ಬಸವರಾಜ ಬಂದ.

ಮುಂದಿನ ವರ್ಷ ಜನವರಿಯಲ್ಲಿ, ಪಂಪಿನ ಗ್ಲ್ಯಾಂಡಿನಿಂದ, ಅಂದರೆ ತಿರುಗುವ ದಂಡ ಹೊರಬರುವ ಸಂದಿಯಿಂದ, ನೀರು ಚಿಮ್ಮುತ್ತಿದೆ ಎಂದು ಅದೇ ಊರಿಂದ ಕರೆ ಬಂತು. ಸಣ್ಣ ಕೆಲಸ, ಹೊಸ ಪ್ಯಾಕಿಂಗ್ ಹಗ್ಗ ಸುತ್ತಿ ಬರುವುದು. ನಾವು ಹೇಳದೆ ಹೋದೆವು. ಬಸವರಾಜ ಆರಾಮಿನ ಮನುಷ್ಯ. ಎಂಜಿನ್ ಚಾಲೂ ಮಾಡಿ ಹೊರಗೆ ಬೇವಿನ ಮರದಡಿ ಇಸ್ಪೀಟು ಆಡುವವನು. ಒರೆಸುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಎಣ್ಣೆ ಮಾತ್ರ ಅಳತೆಯಿಲ್ಲದೆ ಸುರಿಯುತ್ತಿದ್ದ, ಅವನನ್ನು ಲೆಕ್ಕ ಕೇಳುವವರು ಇರಲಿಲ್ಲ. ಬೆಳಗಿನಿಂದ ನಾಲ್ಕು ತಾಸು ಓಡಿ ಎಂಜಿನ್ನು ಚೆನ್ನಾಗಿ ಕಾದಿತ್ತು. ಒಳಗೆ ಕಾಲಿಟ್ಟೊಡನೆ ನನ್ನ ಚಪ್ಪಲಿ ಜಾರಿತು.

ಕಟ್ಟೆಯ ಹಿಂಬದಿಯಿಂದ ಕಪ್ಪು ಎಣ್ಣೆ ಇಳಿದು, ನೆಲದ ಮೇಲೆ ಅಂಗೈ ಅಗಲ ನಿಂತು, ಅಲ್ಲಿಂದ ನೀರಿನ ಕಾಲುವೆಗೆ ಹೋಗುತ್ತಿತ್ತು. ಎಂಜಿನ್ನಿನ ಮೈಮೇಲೆಲ್ಲ ಎಣ್ಣೆ ಕುಡಿದ ಧೂಳು ಬೆರಳು ದಪ್ಪ. ಖಾಜಾಸಾಬರು ಬಗ್ಗಿ, ಗೋಡೆಯ ಸಂದಿಗೆ ಬ್ಯಾಟರಿ ಬಿಟ್ಟರು. ಹಿಂದಿನ ಬಲಗಡೆಯ ಬೋಲ್ಟಿನ ಪಕ್ಕದಲ್ಲಿ, ಎರಕದ ಒಡಲಿನಲ್ಲಿ, ಕೂದಲಿನಷ್ಟು ಸಣ್ಣದೊಂದು ಬಿರುಕು. ಅದರ ಉದ್ದಕ್ಕೂ ಸಾಲಾಗಿ ಸಣ್ಣ ಹನಿಗಳು ಮೂಡಿ, ಕೂಡಿಕೊಂಡು ಜಾರುತ್ತಿದ್ದವು. ಬಿಸಿಲಲ್ಲಿ ದುಡಿದವನ ಹಣೆಯ ಹಾಗೆಯೇ. ಅದನ್ನು ಹೇಳಲು ದುರುಗಪ್ಪನ ಮಾತಿಗಿಂತ ಸರಿಯಾದ ಮಾತು ಇರಲಿಲ್ಲ.

ಎಂಜಿನ್ನು ನಿಲ್ಲಿಸಿ ಎರಡು ತಾಸು ಆರಲು ಬಿಟ್ಟೆವು. ಬಿರುಕು ಮುಚ್ಚಿಕೊಂಡಿತು, ಒರೆಸಿದರೆ ಅಲ್ಲೊಂದು ಗೆರೆ ಇದೆ ಎಂದೂ ಗೊತ್ತಾಗುತ್ತಿರಲಿಲ್ಲ. ಆಮೇಲೆ ಹುಡುಕಿದಾಗ ಕಾರಣ ಸಿಕ್ಕಿತು. ನನಗಿಂತ ಮೊದಲು ಎಂಜಿನ್ನನ್ನು ಕೂರಿಸಿದ ನಮ್ಮವರೇ ಕಟ್ಟೆಯ ಮಟ್ಟ ಸರಿಯಾಗಿ ನೋಡದೆ, ಒಂದು ಮೂಲೆಯಲ್ಲಿ ಸಂದಿ ಇರುವಾಗಲೇ ಬೋಲ್ಟನ್ನು ಎಳೆದು ಬಿಗಿ ಮಾಡಿದ್ದರು. ಎರಕದ ಕಬ್ಬಿಣ ಬಾಗುವುದಿಲ್ಲ, ಸೀಳುತ್ತದೆ. ಹೀಗೆ, ದುರುಗಪ್ಪ ದಿನಾ ಹಾಕಿದ ಅರ್ಧ ಲೀಟರ್ ದಿನಾ ಅಲ್ಲಿಂದ ಹೋಗಿತ್ತು. ಏಪ್ರಿಲ್‌ನ ಆ ದಿನ ನಿಲ್ಲಿಸದೆ ಓಡಿಸಿದಾಗ ಬಿರುಕು ಇನ್ನಷ್ಟು ತೆರೆದು, ಮಧ್ಯಾಹ್ನದೊಳಗೆ ಒಡಲೇ ಬರಿದಾಗಿತ್ತು. ನೆಲದ ಮೇಲೆ ಬಿದ್ದ ಗುರುತನ್ನು ಅವನು ದಿನಾ ಸಂಜೆ ಕಾಟನ್ ವೇಸ್ಟಿನಿಂದ ಒರೆಸಿ ತೆಗೆದಿದ್ದ. ಎಣ್ಣೆ ಹೀರಿದ ಆ ಹತ್ತಿಯನ್ನು ಬಚ್ಚಲೊಲೆ ಹೊತ್ತಿಸಲು ಅವನ ಕೇರಿಯ ಹೆಂಗಸರು ಒಯ್ಯುತ್ತಿದ್ದರಂತೆ. ಅದೊಂದನ್ನು ಯಾರನ್ನು ಕೇಳಿದ್ದರೂ ಏಪ್ರಿಲ್‌ನಲ್ಲಿಯೇ ತಿಳಿಯುತ್ತಿತ್ತು.

ಸೋಮಾರಿಯ ಕೈಯಲ್ಲಿ ಎಂಜಿನ್ನು ತನ್ನ ದೋಷವನ್ನು ಒಂದೇ ನೋಟಕ್ಕೆ ತೋರಿಸಿಬಿಟ್ಟಿತು. ಮುತುವರ್ಜಿಯಿಂದ ನೋಡಿಕೊಂಡವನೇ ಕಳ್ಳನಾದ. ಖಾಜಾಸಾಬರು ಹತ್ಯಾರ ತುಂಬುತ್ತ ನನ್ನ ಕಡೆ ನೋಡದೆಯೇ, "ಅವ ಈಗ ಹಗರಿಬೊಮ್ಮನಹಳ್ಳ್ಯಾಗ ಅದಾನ್ರಿ. ಮಾರ್ಕೆಟ್ನ್ಯಾಗ ಚೀಲ ಹೊರ್ತಾನ" ಎಂದರು. ಅವರಿಗೆ ಅದು ಮೊದಲೇ ಗೊತ್ತಿತ್ತು. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಆ ಗುರುವಾರವೇ ಹಗರಿಬೊಮ್ಮನಹಳ್ಳಿಗೆ ಹೋದೆ. ಮಾರ್ಕೆಟ್ಟಿನಲ್ಲಿ ಶೇಂಗಾ ಚೀಲಗಳನ್ನು ಲಾರಿಗೆ ಏರಿಸುವ ಗುಂಪಿನಲ್ಲಿ ದುರುಗಪ್ಪ ಇದ್ದ. ಅದೇ ಖಾಕಿ ಅಂಗಿ, ಹೆಗಲ ಮೇಲೆ ಗೋಣಿತಟ್ಟು. ನನ್ನನ್ನು ಕಂಡು ಗುರುತು ಹಿಡಿದು, ಬೆನ್ನಿನ ಚೀಲ ಇಳಿಸಿಯೇ ಬಂದ. ನಮಸ್ಕಾರ ಮಾಡಿದ. ದಾರಿಯುದ್ದಕ್ಕೂ ಯೋಚಿಸಿದ್ದನ್ನೆಲ್ಲ ಬಿಟ್ಟು ನೇರವಾಗಿ ಹೇಳಿದೆ.

"ನಿಂದೇನೂ ತಪ್ಪಿದ್ದಿಲ್ಲಪ್ಪ ದುರುಗಪ್ಪ. ಕ್ರ್ಯಾಂಕ್ ಕೇಸು ಬಿರುಕು ಬಿಟ್ಟಿತ್ತು. ನಾನು ಮೊನ್ನೆ ಕಣ್ಣಾರೆ ನೋಡಿದೆ."

ಅವನು ಗೋಣಿತಟ್ಟಿನಿಂದ ಮುಖ ಒರೆಸಿಕೊಂಡ.

"ನನಗ ಗೊತ್ತೈತಲ್ರಿ ಸಾಹೇಬ್ರ. ನನಗ್ಯಾಕ ಹೇಳ್ತೀರಿ?"

ಅವನಿಗೆ ಸಿಟ್ಟು ಇದ್ದಂತೆ ಕಾಣಲಿಲ್ಲ. ಗೋಣಿತಟ್ಟನ್ನು ಮತ್ತೆ ಹೆಗಲಿಗೆ ಹಾಕಿಕೊಂಡು ಅವನೇ ಹೇಳಿದ.

"ನನ್ನ ಹೆಂಡ್ತಿ ಊರಾಗಿನ ನಳಕ್ಕ ಹೋಗಾದು ಬಿಟ್ಟಾಳ್ರಿ. ಪಾಳಿ ಹಚ್ಚಿದಾಗ ಒಂದೊಂದು ಮಾತಾಡ್ತಾರ. ಈಗೂ ಹೊಳಿಗೇ ಹೋಗ್ತಾಳ. ನೀವು ಹೇಳಾದಿದ್ರ ಅಲ್ಲಿ ಬಂದು ಹೇಳ್ರಿ. ಸೋಮವಾರ ಪಂಚಾಯ್ತಿ ಕೂಡ್ತೈತಿ, ಎಲ್ಲಾರೂ ಇರ್ತಾರ. ಕೆಲಸ ಬ್ಯಾಡ ನನಗ. ಇಷ್ಟು ಹೇಳ್ರಿ ಸಾಕು. ನಾನೂ ಅವತ್ತು ಊರಿಗೆ ಬರ್ತೀನಿ."

"ಬರ್ತೀನಿ" ಎಂದೆ. ಆ ಗಳಿಗೆಯಲ್ಲಿ ನಿಜವಾಗಿಯೂ ಹೋಗುವವನಿದ್ದೆ.

ಶುಕ್ರವಾರ ಆಫೀಸಿನಲ್ಲಿ ತಿದ್ದುಪಡಿ ವರದಿ ಬರೆದು ಮೇಲಿನವರ ಮುಂದೆ ಇಟ್ಟೆ. ಕೆಟ್ಟ ಮನುಷ್ಯರಲ್ಲ ಅವರು. ಪೂರ್ತಿ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಈ ಫೈಲು ಮುಗಿದೈತಿ. ತೆಗೆದರ ಮೊದಲು ಕೇಳೋದು ನಿನ್ನನ್ನ. ಬಿಸಿ ಮಾಡಿ ಯಾಕ ನೋಡಲಿಲ್ಲ ಅಂತಾರ. ಈ ವರ್ಷ ನಿನ್ನ ಪ್ರೊಬೇಷನ್ ಮುಗೀಬೇಕು. ಬಿರುಕಿಗೆ ಪ್ಲೇಟು ಹಾಕ್ಸು, ಸಾಕು" ಎಂದರು. ವರದಿ ನನ್ನ ಕೈಗೆ ವಾಪಸ್ಸು ಬಂತು. ಪಂಚಾಯಿತಿಯ ಮುಂದೆ ಬಾಯಿಂದ ಹೇಳುವುದಕ್ಕೆ ಯಾವ ಫೈಲೂ ಬೇಕಿರಲಿಲ್ಲ. ಅದು ನನಗೆ ಗೊತ್ತಿತ್ತು. ಆದರೆ ಚೇರ್ಮನ್ನರು ಇರುತ್ತಾರೆ, ಮಾತು ಆಫೀಸಿಗೆ ಮುಟ್ಟುತ್ತದೆ, ಒಂದು ವಾರ ಬಿಟ್ಟು ನೋಡೋಣ ಎಂದುಕೊಂಡೆ. ಸೋಮವಾರದ ಡೈರಿಯಲ್ಲಿ ಕೂಡ್ಲಿಗಿ ಎಂದು ಬರೆದೆ. ಕೂಡ್ಲಿಗಿಯಲ್ಲಿ ಅಂದು ಅರ್ಜೆಂಟು ಕೆಲಸವೇನೂ ಇರಲಿಲ್ಲ. ಒಂದು ಸರಿಯಾಗಿದ್ದ ಎಂಜಿನ್ನನ್ನು ಬಿಚ್ಚಿ, ನೋಡಿ, ಮತ್ತೆ ಜೋಡಿಸಿದೆ.

ಮುಂದಿನ ಸೋಮವಾರವೂ ಏನೋ ಒಂದು ಬಂತು. ಬಿರುಕಿಗೆ ಪ್ಲೇಟು ಹಾಕಿಸಲು ಖಾಜಾಸಾಬರನ್ನು ಒಬ್ಬರನ್ನೇ ಕಳಿಸಿದೆ. ಅವರು ಬಂದು, "ದುರುಗಪ್ಪ ಅವತ್ತ ಬಂದಿದ್ನಂತ್ರಿ. ಪಂಚಾಯ್ತಿ ಏಳೂತನ ಕಟ್ಟಿ ಮ್ಯಾಲೆ ಕುಂತು ಹೋದ್ನಂತ" ಎಂದಷ್ಟೇ ಹೇಳಿದರು. ಜೂನ್‌ನಲ್ಲಿ ನನಗೆ ರಾಯಚೂರಿನ ಕಡೆ ವರ್ಗವಾಯಿತು. ಪ್ರೊಬೇಷನ್ನೂ ಮುಗಿಯಿತು.

1988ರಲ್ಲಿ ಬಡ್ತಿ ಪಡೆದು ಮತ್ತೆ ಅದೇ ಭಾಗಕ್ಕೆ ಬಂದೆ. ಈ ಸಲ ಜೀಪು ಇತ್ತು. ಬಂದ ಮೊದಲ ತಿಂಗಳಲ್ಲಿಯೇ ಆ ಊರಿಗೆ ಹೋದೆ. ಕರೆಂಟು ಬಂದು ಪಂಪ್ ಹೌಸಿನಲ್ಲಿ ಮೋಟಾರು ಕೂತಿತ್ತು. ಡೀಸೆಲ್ ಎಂಜಿನ್ನನ್ನು ಯಾವಾಗಲೋ ಗುಜರಿಗೆ ಹಾಕಿದ್ದರು. ಹಳೆಯ ಚೇರ್ಮನ್ನರು ತೀರಿಕೊಂಡಿದ್ದರು. ಪಂಚಾಯಿತಿ ಕಟ್ಟೆಯ ಎದುರು ಚಹಾದ ಅಂಗಡಿ. ನಾಲ್ಕೈದು ಜನ ಕೂತಿದ್ದರು. ದುರುಗಪ್ಪ ಎಲ್ಲಿದ್ದಾನೆ ಎಂದು ಕೇಳಿದೆ.

"ಯಾವ ದುರುಗಪ್ಪ್ರೀ? ಎಣ್ಣಿ ದುರುಗಪ್ಪೇನು?" ಎಂದರು ಅಂಗಡಿಯವರು. ಅವರಿಗೆ ಮೂವತ್ತರ ಒಳಗೆ ವಯಸ್ಸು. "ಅವರು ಮನಿಮಂದಿ ಎಲ್ಲಾ ಊರು ಬಿಟ್ಟು ಭಾಳ ವರ್ಷ ಆತ್ರಿ. ಹಗರಿಬೊಮ್ಮನಹಳ್ಳ್ಯಾಗ ಹ್ವಾದ ವರ್ಷ ತೀರಿಕೊಂಡ್ನಂತ."

ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಬಿರುಕು, ಬೋಲ್ಟು, ಅರ್ಧ ಲೀಟರ್, ನನ್ನ ವರದಿ, ಅದರಲ್ಲಿ ನಾನು ಬರೆದ ಸುಳ್ಳು. ದುರುಗಪ್ಪ ಒಂದು ಹನಿ ಎಣ್ಣೆಯನ್ನೂ ಮುಟ್ಟಿರಲಿಲ್ಲ ಎಂದೆ. ಅವರು ಮರ್ಯಾದೆಯಿಂದ ಕೇಳಿದರು. ನನಗೊಂದು ಚಹಾ ಕೊಟ್ಟರು. ನಾನು ಮುಗಿಸಿದ ಮೇಲೆ ಒಬ್ಬಾತ ಪಕ್ಕದವನನ್ನು ಕೇಳಿದ: "ನಮ್ಮೂರಾಗ ಎಂಜಿನ್ ಇತ್ತೇನ್ಲೇ?"

ಆಮೇಲೆ ನಾನು ಎಷ್ಟೋ ಹುಡುಗರಿಗೆ ಟ್ರಬಲ್ ಶೂಟಿಂಗ್ ಪಾಠ ಮಾಡಿದ್ದೇನೆ. ಯಂತ್ರದ ಜೊತೆ ಇರುವವನ ಮಾತನ್ನು ಅವನು ಹೇಳಿದ ಹಾಗೆಯೇ ಬರೆದುಕೊಳ್ಳಿ, ನಗಬೇಡಿ ಎಂದು ಹೇಳುತ್ತಿದ್ದೆ. ಯಂತ್ರ ಬಿಸಿಯಾಗುವ ತನಕ ಕಾಯಿರಿ ಎನ್ನುತ್ತಿದ್ದೆ. ತೀರ ಸ್ವಚ್ಛವಾಗಿರುವ ಕಡೆ ಎರಡು ಸಲ ನೋಡಿ ಎನ್ನುತ್ತಿದ್ದೆ. ಇವೆಲ್ಲ ಸರಿಯಾದ ಪಾಠಗಳೇ, ಹುಡುಗರು ಕಲಿತರು. ಹೇಳದೆ ಉಳಿಸಿಕೊಂಡದ್ದು ಒಂದು. ಎಂಜಿನ್ನಿನ ಬಿರುಕು ನನಗಾಗಿ ಒಂಬತ್ತು ತಿಂಗಳು ಕಾದಿತ್ತು. ನಾನು ಹೋದ ದಿನ ಅಲ್ಲಿಯೇ ಇತ್ತು, ಪ್ಲೇಟು ಹಾಕಿದರೆ ನಿಂತಿತು. ಮನುಷ್ಯನ ಮೇಲೆ ಹೊರಿಸಿದ ತಪ್ಪನ್ನು ಇಳಿಸಲು ನನಗೆ ಸಿಕ್ಕಿದ್ದು ಒಂದೇ ಒಂದು ಸೋಮವಾರ. ಆ ದಿನ ಒಬ್ಬ ಮನುಷ್ಯ ಕಟ್ಟೆಯ ಮೇಲೆ ಕೂತು ನನ್ನ ದಾರಿ ನೋಡುತ್ತಿದ್ದ, ನಾನು ಕೂಡ್ಲಿಗಿಯಲ್ಲಿ ಕೆಡದ ಎಂಜಿನ್ನು ಬಿಚ್ಚುತ್ತಿದ್ದೆ.